ಇನ್ನೂರು ಗಜದ ಅಳಿಯ

ಡೂಬಾಯ್ಸ್, ವಯೋಮಿಂಗ್
9 ಜುಲೈ 1979

ಪ್ರಿಯ ನೆಟ್ಟಾ,

ಸಿಹಿ ಸುದ್ದಿ. ಲಾಟರಿಯಲ್ಲಿ ಈ ಸಲ ಹುಲ್ಲೆ ಬೇಟೆಯ ಪರವಾನಗಿ ನನಗೂ ಬಂದಿದೆ, ಅದೂ ನಿಮ್ಮ ಮೆಡಿಸಿನ್ ಬೋ ಬಯಲಿಗೇ. ಸೆಪ್ಟೆಂಬರ್ ಕೊನೆಗೆ ಬರುತ್ತೇನೆ. ನಿನ್ನ ಅಕ್ಕ ಐಲೀನ್ ಬರುವುದಿಲ್ಲ, ಶಾಲೆಯ ಅಡುಗೆಮನೆಯಲ್ಲಿ ರಜೆ ಕೊಡುವುದಿಲ್ಲವಂತೆ. ನಾನು ನಾಲ್ಕನೇ ಸಲವೂ ಗುರಿ ತಪ್ಪುವುದನ್ನು ನೋಡಲು ಅವಳಿಗೆ ಇಷ್ಟವಿಲ್ಲ ಎಂಬುದು ನನ್ನ ಅನುಮಾನ.

ನಗಬೇಡ. ಮೂರು ಸಲ ಬಂದೆ, ಮೂರು ಸಲವೂ ಬರಿಗೈಯಲ್ಲಿ ಹೋದೆ. ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವ ಪದ್ಧತಿ ನಮ್ಮ ಕಾಡಿನ ಕಡೆಯೂ ಇದೆ. ಆದರೆ ನಮ್ಮವರು ಅದಕ್ಕೆಂದೇ ಹಳೇ ಅಂಗಿ ತೊಟ್ಟು ಹೋಗುತ್ತಾರೆ. ನಾನು ಮೂರು ಸಲವೂ ಐಲೀನ್ ಹೊಲಿದ ಹೊಸ ಅಂಗಿಯನ್ನೇ ನಿಮ್ಮ ಕೊಟ್ಟಿಗೆಗೆ ಬಲಿ ಕೊಟ್ಟೆ.

ಅಂಗಿ ಹೋದರೆ ಹೋಗಲಿ. ನನ್ನ ಸಂಕಟ ಬೇರೆ. ನಿಮ್ಮ ಮನೆ ಅಳಿಯನಾಗಿ ಇಪ್ಪತ್ತೆರಡು ವರ್ಷವಾಯಿತು, ಮಾವ ಇನ್ನೂ ನನ್ನನ್ನು ನೆಂಟನ ಹಾಗೆ ನೋಡುತ್ತಾರೆ. ಕಟ್ಟಿಗೆ ಎತ್ತಲು ಹೋದರೆ "ನೀನ್ ಕೂತ್ಕೋಪ್ಪಾ, ನೆಂಟ್ರಿಗೆ ಯಾಕೆ ಕೆಲ್ಸ" ಅನ್ನುತ್ತಾರೆ. ಪಕ್ಕದ ಹೊಲದವನನ್ನು ಬೈದು ಬೇಲಿ ಕಟ್ಟಿಸುವ ಮನುಷ್ಯ ನನಗೆ ಮಾತ್ರ ಹೂವಿನ ಚಿತ್ತಾರದ ಕಪ್ಪಿನಲ್ಲಿ ಕಾಫಿ ಕೊಡುತ್ತಾರೆ. ಆ ಕಪ್ಪು ನೋಡಿದರೆ ನನಗೆ ಅಳು ಬರುತ್ತದೆ. ಅವರಿಗೆ ಎಂಬತ್ತೊಂದು. ಅವರ ಕಣ್ಣೆದುರು ಒಂದು ಹುಲ್ಲೆಯನ್ನು ನೆಟ್ಟಗೆ ಹೊಡೆದು, ಆ ಮನೆಯವನು ಅನ್ನಿಸಿಕೊಳ್ಳಬೇಕು. ಅಷ್ಟೇ ನನ್ನ ಆಸೆ.

ಈ ಸಲ ನನ್ನ ಮುನ್ನೂರು ಮ್ಯಾಗ್ನಮ್ ಕೋವಿಯನ್ನೇ ತರುತ್ತೇನೆ. ಕುದುರೆ ಗಾತ್ರದ ಜಿಂಕೆಗಳಾದ ಎಲ್ಕ್‌ಗಳನ್ನು ಅದು ಮಲಗಿಸಿದೆ, ಹುಲ್ಲೆ ಯಾವ ಲೆಕ್ಕ? ಅದಕ್ಕೆ ಎಷ್ಟು ಭಾರದ ಗುಂಡಿನ ತೋಟಾ ಹಾಕಲಿ ಅಂತ ತಿಳಿಸು. ಫೋನ್ ಮಾಡಬೇಡ. ನಿಮ್ಮದು ನಾಲ್ಕು ಮನೆಗೆ ಒಂದೇ ಲೈನು, ಎಲ್ಲರ ಕಿವಿಯೂ ಅದಕ್ಕೆ ಅಂಟಿಕೊಂಡಿರುತ್ತದೆ.

ನಿನ್ನ ಭಾವ,
ಅರ್ವೋ ಲಂಪಿ


ಲಾರಿಮರ್ ಕುರಿಮನೆ, ಮೆಡಿಸಿನ್ ಬೋ
20 ಜುಲೈ 1979

ಪ್ರಿಯ ಭಾವ,

ಹುಲ್ಲೆಯ ತೂಕ ನೂರು ಪೌಂಡಿನ ಆಸುಪಾಸು. ಅದಕ್ಕೆ ಮ್ಯಾಗ್ನಮ್ ಎತ್ತಿಕೊಂಡು ಬರುವುದು ಸೊಳ್ಳೆಗೆ ಸುತ್ತಿಗೆ ಎತ್ತಿದ ಹಾಗೆ. ಮೂರು ಸಲ ಹುಲ್ಲೆ ತಪ್ಪಿಸಿಕೊಂಡದ್ದು ನಿಮ್ಮ ತೋಟಾದಲ್ಲಿ ಕಸುವಿಲ್ಲದೆ ಅಲ್ಲ, ಗುಂಡು ಅದಕ್ಕೆ ತಾಗಲೇ ಇಲ್ಲ ಎಂಬ ಕಾರಣಕ್ಕೆ. ತಾಗದ ಗುಂಡು ದೊಡ್ಡದಾದರೇನು, ಚಿಕ್ಕದಾದರೇನು?

ಮೊದಲು ಇದಕ್ಕೆಲ್ಲ ಉತ್ತರ ಬರೆಯಿರಿ. ಗುಂಡು ಬಿಟ್ಟಾಗ ಧೂಳು ಎದ್ದದ್ದು ಎಲ್ಲಿ, ಹುಲ್ಲೆಯ ಮುಂದೋ ಹಿಂದೋ? ಹುಲ್ಲೆ ಎಷ್ಟು ದೂರ ಇದೆ ಅಂದುಕೊಂಡಿದ್ದಿರಿ? ಗುರಿ ಎಲ್ಲಿಗೆ ಹಿಡಿದಿರಿ? ಮ್ಯಾಗ್ನಮ್ ಒದ್ದರೆ ಭುಜದಲ್ಲಿ ನೋವು ಎಲ್ಲಿ ಕೂರುತ್ತದೆ? ಕಾಡಿನಲ್ಲಿ ಎಲ್ಕ್ ಹೊಡೆಯುವಾಗ ಅದು ಎಷ್ಟು ಹತ್ತಿರ ಇರುತ್ತದೆ? ಸುಳ್ಳು ಬರೆಯಬೇಡಿ, ನನಗೆ ಗೊತ್ತಾಗುತ್ತದೆ.

ಅಪ್ಪ ಚೆನ್ನಾಗಿದ್ದಾರೆ, ಮಂಡಿ ನೋವು ಬಿಟ್ಟರೆ. ನಿಮಗೆ ಪರವಾನಗಿ ಬಂದ ಸುದ್ದಿ ಓದಿ ಹೇಳಿದೆ. ಕಪ್ಪಿನ ವಿಷಯ ಬಿಟ್ಟು ಓದಿದೆ, ಹೆದರಬೇಡಿ. "ಹೂಂ" ಅಂದರು.

ನೆಟ್ಟಾ


ಡೂಬಾಯ್ಸ್
3 ಆಗಸ್ಟ್ 1979

ಪ್ರಿಯ ನೆಟ್ಟಾ,

ನೀನು ಯಾವಾಗಿನಿಂದ ಪೊಲೀಸ್ ಕೆಲಸಕ್ಕೆ ಸೇರಿದೆ? ಆಗಲಿ, ಬರೆಯುತ್ತೇನೆ. ಧೂಳು ಎದ್ದದ್ದು ಹಿಂದೆ, ಮೂರು ಸಲವೂ. ದೂರ ಮೊದಲ ಸಲ ನಾನೂರು ಗಜ, ಆಮೇಲೆ ನಾನೂರೈವತ್ತು, ಕೊನೆಗೆ ನಿಮ್ಮ ಉಪ್ಪಿನಕೆರೆಯ ಕಲ್ಲಿನಿಂದ ಹೊಡೆದಾಗ ಐನೂರೇ ಇರಬೇಕು. ಅಷ್ಟು ದೂರಕ್ಕೆ ಗುಂಡು ಕೆಳಗಿಳಿಯುತ್ತದಲ್ಲ, ಅದಕ್ಕೇ ಬೆನ್ನಿನಿಂದ ಒಂದೂವರೆ ಅಡಿ ಮೇಲೆ ಗುರಿ ಹಿಡಿದೆ. ಲೆಕ್ಕ ಹಾಕಿಯೇ ಹೊಡೆದದ್ದು, ಕಣ್ಣು ಮುಚ್ಚಿಕೊಂಡು ಅಲ್ಲ.

ಎಲ್ಕ್ ಸಿಗುವುದು ಪೈನ್ ಮರಗಳ ಸಂದಿಯಲ್ಲಿ, ಐವತ್ತು ಅರವತ್ತು ಗಜದಲ್ಲಿ. ಒದೆತದ ಮಾತು ಬಿಡು. ನನಗೆ ಅದು ಗೊತ್ತೇ ಆಗುವುದಿಲ್ಲ. ಮಿಲ್ಲಿನಲ್ಲಿ ದಿನವಿಡೀ ಮರದ ದಿಮ್ಮಿ ಉರುಳಿಸುವ ಭುಜ ಇದು. ಮೊನ್ನೆ ಅಭ್ಯಾಸಕ್ಕೆ ಅಂತ ಹೋದ ದಿನ ಬಾಗಿಲು ತಾಗಿ ಹುಬ್ಬು ಸ್ವಲ್ಪ ಒಡೆದಿದೆ, ಅದಕ್ಕೆ ಅಕ್ಷರ ಓರೆಯಾಗಿದೆ.

ಮಾವ "ಹೂಂ" ಅಂದರು ಅಂತ ಬರೆದೆ. ಯಾವ ರೀತಿಯ ಹೂಂ? ಐಲೀನ್‌ಗೆ ಕೇಳಿದರೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದರೆ ಅದು ಒಳ್ಳೆಯ ಹೂಂ ಅಲ್ಲ.

ಅರ್ವೋ


ಮೆಡಿಸಿನ್ ಬೋ
12 ಆಗಸ್ಟ್ 1979

ಪ್ರಿಯ ಭಾವ,

ಅಕ್ಕನ ಪತ್ರ ನಿಮ್ಮದಕ್ಕಿಂತ ಒಂದು ದಿನ ಮೊದಲೇ ಬಂತು. ಒಡೆದದ್ದು ಬಾಗಿಲು ತಾಗಿ ಅಲ್ಲವಂತೆ, ಮ್ಯಾಗ್ನಮ್ ಹಿಂದಕ್ಕೆ ಒದ್ದಾಗ ಅದರ ಮೇಲಿನ ದುರ್ಬೀನು ಹುಬ್ಬಿಗೆ ಬಡಿದು ಅಂತೆ. ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿದೆಯಂತೆ. ಪಾಪ, ಬಾಗಿಲಿನ ಮೇಲೆ ಯಾಕೆ ಅಪವಾದ?

ಈಗ ಕೇಳಿ. ಉಪ್ಪಿನಕೆರೆಯ ಕಲ್ಲಿನಿಂದ ಆ ಹುಲ್ಲೆ ನಿಂತಿದ್ದ ಜಾಗಕ್ಕೆ ಅಳೆದಾಯಿತು. ಐನೂರು ಗಜ ಅಲ್ಲ, ಇನ್ನೂರ ಮೂವತ್ತು. ಉಳಿದೆರಡು ಜಾಗ ಇನ್ನೂರಕ್ಕೂ ಕಡಿಮೆ. ಮರಗಳ ನಡುವೆ ದೊಡ್ಡ ಎಲ್ಕ್ ನೋಡಿ ಬೆಳೆದ ಕಣ್ಣಿಗೆ ಬೋಳು ಬಯಲಿನಲ್ಲಿ ಚಿಕ್ಕ ಹುಲ್ಲೆ ಕಂಡರೆ ಅದು ಆಕಾಶದ ಅಂಚಿನಲ್ಲೇ ನಿಂತಿದೆ ಅನ್ನಿಸುತ್ತದೆ. ಪಶ್ಚಿಮದ ಕಾಡಿನಿಂದ ಬಂದವರೆಲ್ಲ ಮಾಡುವ ತಪ್ಪು ಇದು. ನೀವು ಬೆನ್ನಿನ ಮೇಲೆ ಗುರಿ ಹಿಡಿದಿರಿ, ಗುಂಡು ಪಾಪ ನೀವು ಹೇಳಿದ ಕಡೆಗೇ ಹೋಯಿತು.

ಎರಡನೆಯದು, ನೀವು ಒದೆತಕ್ಕೆ ಹೆದರಿ ಗುಂಡು ಬಿಡುವ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತೀರಿ. ಐವತ್ತು ಗಜದಲ್ಲಿ ಎಲ್ಕ್ ಎಂಬುದು ಒಂದು ಗೋಡೆ, ಕಣ್ಣು ಮುಚ್ಚಿದರೂ ತಾಗುತ್ತದೆ. ಬಯಲಿನಲ್ಲಿ ಆ ಆಟ ನಡೆಯುವುದಿಲ್ಲ.

ಹಾಗಾಗಿ ತೋಟಾ ಬದಲಿಸಿ, ಅದಕ್ಕೆ ತಕ್ಕಂತೆ ಕೋವಿಯನ್ನೂ. ಇನ್ನೂರ ನಲವತ್ತಮೂರು ಎಂಬ ಅಳತೆಯ ತೋಟಾದ ಗುಂಡು ಹಗುರ, ನಮ್ಮ ಗಾಳಿ ಅದನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ಪಳಗಿದವರು ಹೊಡೆಯುತ್ತಾರೆ, ನಿಮಗೆ ಬೇಡ. ಇನ್ನೂರ ಎಪ್ಪತ್ತರ ತೋಟಾ ಬಲು ಒಳ್ಳೆಯದು, ಆದರೆ ಅದೂ ಒದೆಯುತ್ತದೆ, ನಿಮ್ಮ ಕಣ್ಣು ಮತ್ತೆ ಮುಚ್ಚುತ್ತದೆ. ನಿಮಗೆ ಸರಿಯಾದದ್ದು ಇನ್ನೂರೈವತ್ತೇಳು ರಾಬರ್ಟ್ಸ್. ಹಳೆಯ ತೋಟಾ, ಈಗ ಅದಕ್ಕೆ ಅಷ್ಟು ಹೆಸರಿಲ್ಲ. ಆದರೆ ಮೆತ್ತಗೆ ಒದೆಯುತ್ತದೆ, ಗುಂಡು ನೇರ ಹೋಗುತ್ತದೆ. ಅದಕ್ಕೆ ನೂರು ಗ್ರೇನ್ ತೂಕದ ಗುಂಡು ಸಾಕು.

ಮ್ಯಾಗ್ನಮ್ ತಂದರೆ ನಾನೇ ಅದನ್ನು ಕುರಿಗಳ ನೀರಿನ ತೊಟ್ಟಿಗೆ ಹಾಕುತ್ತೇನೆ.

ನೆಟ್ಟಾ


ಡೂಬಾಯ್ಸ್
30 ಆಗಸ್ಟ್ 1979

ಪ್ರಿಯ ನೆಟ್ಟಾ,

ನಿನ್ನ ಪತ್ರ ಓದಿ ಒಂದು ವಾರ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ನಲವತ್ತೇಳು ವರ್ಷದ ಗಂಡಸಿಗೆ ಕಣ್ಣು ಮುಚ್ಚುತ್ತೀಯ ಅಂದರೆ ಬರದೆ ಇರುತ್ತದೆಯೇ? ಆಮೇಲೆ ಐಲೀನ್ ಒಂದು ಕಿತಾಪತಿ ಮಾಡಿದಳು. ನಾನು ಮ್ಯಾಗ್ನಮ್‌ಗೆ ತೋಟಾ ಹಾಕಲು ಕೊಟ್ಟರೆ ಹಾಕದೆಯೇ ಹಾಕಿದಂತೆ ಮಾಡಿ ವಾಪಸು ಕೊಟ್ಟಳು. ನಾನು ಟ್ರಿಗರ್ ಎಳೆದೆ. ಗುಂಡೂ ಇಲ್ಲ, ಸದ್ದೂ ಇಲ್ಲ, ಆದರೆ ನನ್ನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಕಿವಿಯವರೆಗೆ ಎದ್ದಿತ್ತು. ಅವಳು ನಗಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾದದ್ದು.

ಇಲ್ಲಿನ ನಿವೃತ್ತ ಅರಣ್ಯ ಕಾವಲುಗಾರ ಒಬ್ಬರ ಹತ್ತಿರ ರಾಬರ್ಟ್ಸ್ ಕೋವಿ ಇತ್ತು. ಮ್ಯಾಗ್ನಮ್ ಕೊಟ್ಟು ಅದನ್ನು ತಂದುಕೊಂಡೆ. ಮಿಲ್ಲಿನವರು ಬಿಡುತ್ತಾರೆಯೇ? "ಏನೋ ಅರ್ವೋ, ಹೆಂಗಸ್ರ ಕೋವಿ ಎತ್ಕೊಂಡ್ ಬಂದಿದೀಯಾ?" ಅಂದ ಒಬ್ಬ. "ಇದ್ರಲ್ಲಿ ಹೊಡೆದ್ರೆ ಹುಲ್ಲೆಗೆ ಕಚಗುಳಿ ಆಗತ್ತಷ್ಟೇ" ಅಂದ ಇನ್ನೊಬ್ಬ. "ಕಚಗುಳಿ ಆದ್ರೂ ಆಗ್ಲಿ ಕಣ್ರೋ, ಇಷ್ಟ್ ದಿನ ಅದೂ ಆಗಿಲ್ಲ" ಅಂದೆ.

ನೆಟ್ಟಾ, ಮೊದಲ ಗುಂಡು ಬಿಟ್ಟಾಗ ಏನಾಯಿತು ಗೊತ್ತೇ? ದುರ್ಬೀನಿನೊಳಗೆ ಗುರಿಯ ಹಲಗೆ ಕಾಣುತ್ತಲೇ ಇತ್ತು. ಅದರಲ್ಲಿ ತೂತು ಬಿದ್ದದ್ದನ್ನು ಕಣ್ಣಾರೆ ನೋಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ! ಮಗುವಿನ ಹಾಗೆ ಕೂಗಿಬಿಟ್ಟೆ.

ಒಂದೇ ತೊಂದರೆ. ಅಂಗಡಿಯಲ್ಲಿ ಈ ತೋಟಾ ಇಲ್ಲ. ಕಾವಲುಗಾರರು ಕೊಟ್ಟ ಒಂದು ಡಬ್ಬಿ ಮುಗಿಯುತ್ತಾ ಬಂದಿದೆ. ಏನು ಮಾಡಲಿ?

ಅರ್ವೋ

ಈ ಪತ್ರವನ್ನು ಮಾವನಿಗೆ ಓದಿ ಹೇಳಬೇಡ. ದಯವಿಟ್ಟು.


ಮೆಡಿಸಿನ್ ಬೋ
8 ಸೆಪ್ಟೆಂಬರ್ 1979

ಪ್ರಿಯ ಭಾವ,

ಉಣ್ಣೆ ಲಾರಿಯವನ ಕೈಯಲ್ಲಿ ಮೂರು ಡಬ್ಬಿ ತೋಟಾ ಕಳಿಸಿದ್ದೇನೆ. ಮನೆಯಲ್ಲೇ ತುಂಬಿದ್ದು. ಖಾಲಿ ಕವಚಗಳನ್ನು ಬಿಸಾಡಬೇಡಿ, ವಾಪಸು ಬರಬೇಕು, ಎಲ್ಲವೂ. ಕೋವಿಯ ದುರ್ಬೀನನ್ನು ಇನ್ನೂರು ಗಜಕ್ಕೆ ಹೊಂದಿಸಿಕೊಳ್ಳಿ. ಅದರೊಳಗೆ ಹುಲ್ಲೆ ಎಲ್ಲೇ ಇದ್ದರೂ ಎದೆಯ ನಡುವೆಯೇ ಗುರಿ ಹಿಡಿಯಿರಿ, ಮೇಲಕ್ಕೆ ಎತ್ತಬೇಡಿ. ಮಿಲ್ಲಿನ ರಸ್ತೆಯಲ್ಲಿ ದಿನವೂ ನಡೆದು, ಯಾವ ಕಂಬ ಎಷ್ಟು ಗಜ ಅಂತ ಮೊದಲು ಅಂದಾಜು ಹೇಳಿ ಆಮೇಲೆ ಅಳೆಯಿರಿ. ಕುಳಿತು ಹೊಡೆಯಿರಿ, ಮಲಗಿ ಹೊಡೆಯಿರಿ, ನಿಂತು ಮಾತ್ರ ಬೇಡ.

ನೀವು ಬರುವ ಹೊತ್ತಿಗೆ ನಾನು ಮನೆಯಲ್ಲಿ ಇರುವುದಿಲ್ಲ. ಕುರಿಗಳನ್ನು ಬೆಟ್ಟದಿಂದ ಇಳಿಸಬೇಕು, ಮರಿಗಳನ್ನು ಸಾಗಿಸಬೇಕು. ಮನೆಯಲ್ಲಿ ನೀವು ಮತ್ತು ಅಪ್ಪ ಇಬ್ಬರೇ. ಮಾತು ಸಾಲದೆ ಬಂದರೆ ನಾಯಿ ಇದೆ, ಅದಕ್ಕೆ ಎಲ್ಲರ ಮಾತೂ ಅರ್ಥವಾಗುತ್ತದೆ. ಬೆಟ್ಟಕ್ಕೆ ದಿನಸಿ ತರುವ ಬೆನಿಟೊ ಕೈಯಲ್ಲಿ ಚೀಟಿ ಕೊಟ್ಟರೆ ನನಗೆ ತಲುಪುತ್ತದೆ.

ನೆಟ್ಟಾ


ಲಾರಿಮರ್ ಕುರಿಮನೆ
22 ಸೆಪ್ಟೆಂಬರ್ 1979

ನೆಟ್ಟಾ,

ಎಲ್ಲ ಮುಗಿಯಿತು. ಇದನ್ನು ಬರೆದು ನನ್ನ ಪೆಟ್ಟಿಗೆ ಕಟ್ಟಲೋ ಅಂತ ಯೋಚಿಸುತ್ತಿದ್ದೇನೆ.

ಬೆಳಿಗ್ಗೆ ಮಾವನ ಪಿಕಪ್‌ನಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, ಅದೂ ನಾಯಿಗೆ. ದಿಬ್ಬದ ಮೇಲೆ ಇಬ್ಬರೂ ಹೊಟ್ಟೆಯ ಮೇಲೆ ತೆವಳಿದೆವು. ಎಂಬತ್ತೊಂದರ ಮನುಷ್ಯ ನನಗಿಂತ ಮುಂದೆ! ಹಳ್ಳದಾಚೆ ಒಂದು ಗಂಡು ಹುಲ್ಲೆ ನಿಂತಿತ್ತು. ಅಷ್ಟು ದೊಡ್ಡ ಕೊಂಬನ್ನು ನಾನು ಕೊಟ್ಟಿಗೆ ಬಾಗಿಲ ಮೇಲೂ ನೋಡಿಲ್ಲ. ಅಡ್ಡ ನಿಂತಿತ್ತು, ನಮ್ಮ ಸುಳಿವೇ ಇಲ್ಲ.

"ಹೊಡಿ" ಅಂದರು ಮಾವ.

ನಾನು ದುರ್ಬೀನಿನಲ್ಲಿ ನೋಡಿದೆ. ನಾನೂರು ಗಜಕ್ಕೆ ಕಡಿಮೆ ಇರಲಿಲ್ಲ. ಗಾಳಿ ಎಡದಿಂದ ಹುಲ್ಲನ್ನು ಮಲಗಿಸುತ್ತಿತ್ತು. ತಾಗಿದರೂ ತಾಗಬಹುದು. ಹೊಟ್ಟೆಗೋ ಕಾಲಿಗೋ ತಾಗಿ ಅದು ಓಡಿಹೋದರೆ? ಈ ಒಂದು ತಿಂಗಳು ಇನ್ನೂರು ಗಜದಲ್ಲಿ ಗುರಿ ತಪ್ಪದೆ ಹೊಡೆದೆ. ಮುನ್ನೂರಕ್ಕೆ ಹೋದರೆ ಐದರಲ್ಲಿ ಎರಡು ಹಲಗೆಯನ್ನೇ ಬಿಟ್ಟು ಹೋಗುತ್ತಿದ್ದವು.

"ಇಲ್ಲ ಮಾವ. ಇದು ನನ್ ದೂರ ಅಲ್ಲ" ಅಂದೆ.

"ಹೊಡಿಯಲ್ವಾ?"

"ಹೊಡಿಯಲ್ಲ. ಹತ್ರ ಹೋಗೋಕೆ ನೋಡೋಣ."

ಹತ್ತಿರ ಹೋಗಲು ಎದ್ದೆವೋ ಇಲ್ಲವೋ, ಅದು ಬಿಳಿ ಹಿಂಭಾಗ ತೋರಿಸಿ ಗುಡ್ಡದಾಚೆ ಮಾಯವಾಯಿತು. ಮಾವ ಅದು ಹೋದ ದಿಕ್ಕನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮನೆಗೆ ಬರುವವರೆಗೆ ತುಟಿ ಬಿಚ್ಚಲಿಲ್ಲ. ಬಂದವರೇ ಕಾಫಿ ಕೊಟ್ಟರು. ಹೂವಿನ ಕಪ್ಪಿನಲ್ಲಿ.

ಮೂರು ಸಲ ತಪ್ಪಿದವನು ಅಂತಷ್ಟೇ ಇತ್ತು. ಈಗ ಕೋವಿ ಎತ್ತಲು ಹೆದರುವ ಹೇಡಿ ಅಂತಲೂ ಆಯಿತು. ಇಂಥ ಅವಕಾಶ ಅವರು ಮತ್ತೆ ನನಗೆ ಕೊಡುವುದಿಲ್ಲ. ಮಧ್ಯಾಹ್ನದಿಂದ ಒಳಗೆ ಮಲಗಿದ್ದಾರೆ. ಬೆನಿಟೊ ಹೊರಟಿದ್ದಾನೆ, ಚೀಟಿ ಕೊಡುತ್ತೇನೆ.

ಅರ್ವೋ


ಬೆಟ್ಟದ ಮೇಲೆ, ಕುರಿ ಕಾಯುವವರ ಗಾಡಿಮನೆಯಿಂದ
23 ಸೆಪ್ಟೆಂಬರ್ 1979

ಭಾವ,

ಪೆಟ್ಟಿಗೆ ಬಿಚ್ಚಿಡಿ. ಬೆನಿಟೊ ಗಾಡಿ ಸ್ಟಾರ್ಟ್ ಮಾಡಿಕೊಂಡೇ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪನಿಗೆ ಕೊಟ್ಟ ಮಾತನ್ನು ಈಗ ಮುರಿಯುತ್ತಿದ್ದೇನೆ.

ಬೇಸಿಗೆಯಿಡೀ ನಿಮಗೆ ಬಂದ ಪ್ರಶ್ನೆ, ಸಲಹೆಗಳಲ್ಲಿ ಒಂದೂ ನನ್ನದಲ್ಲ. ನನಗೆ ಕುರಿ ಗೊತ್ತು, ತೋಟಾ ಏನು ಗೊತ್ತು? ಅಪ್ಪ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಬೈಗುಳ ಮಾತ್ರ ನಾನು ಸೇರಿಸಿದ್ದು. ಉಪ್ಪಿನಕೆರೆಯ ಕಲ್ಲಿನಿಂದ ಅಳೆದವರು ಅವರೇ, ಆ ಮಂಡಿ ಇಟ್ಟುಕೊಂಡು, ಊರುಗೋಲು ಹಿಡಿದು. ಮೂರು ಜಾಗವೂ ಅವರಿಗೆ ನೆನಪಿದ್ದವು. ನಿಮ್ಮ ಡಬ್ಬಿಯ ತೋಟಾಗಳನ್ನು ಅಡುಗೆಮನೆ ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಒಂದೊಂದಾಗಿ ತುಂಬಿದವರೂ ಅವರೇ. ನಾಲ್ಕು ದಿನ ನಾನು ನಿಂತುಕೊಂಡು ಊಟ ಮಾಡಿದೆ.

"ನೀವೇ ಬರೀರಿ ಅಪ್ಪಾ" ಅಂದರೆ, "ನಾನು ಅಂತ ಗೊತ್ತಾದ್ರೆ ಹೆದರ್ಕೋತಾನೆ. ಹೆದರಿದ್ರೆ ಮತ್ತೆ ಕಣ್ಣು ಮುಚ್ತಾನೆ" ಅಂದರು. ಮಗುವಿನ ಹಾಗೆ ಕೂಗಿದೆ ಅಂತ ನೀವು ಬರೆದ ಪತ್ರವನ್ನು, ಓದಿ ಹೇಳಬೇಡ ಅಂದದ್ದನ್ನೇ, ಎರಡು ಸಲ ಓದಿಸಿಕೊಂಡರು.

ನಿನ್ನೆ ಯಾಕೆ ಸುಮ್ಮನಿದ್ದರು ಅಂತ ನನಗೂ ತಿಳಿಯದು. ಆದರೆ ಹೇಡಿ ಅಂದುಕೊಂಡಿದ್ದರೆ ಅವರು ಅದನ್ನು ನಿಮ್ಮ ಮುಖಕ್ಕೇ ಹೇಳುತ್ತಿದ್ದರು, ಇಡೀ ಕೌಂಟಿಗೆ ಕೇಳುವ ಹಾಗೆ. ನಾಳೆ ಮತ್ತೆ ಹೋಗಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ, ನನ್ನನ್ನು ಬೆಟ್ಟದಿಂದ ಇಳಿಯಲು ಬಿಡುವುದಿಲ್ಲ.

ನೆಟ್ಟಾ


ಲಾರಿಮರ್ ಕುರಿಮನೆ
27 ಸೆಪ್ಟೆಂಬರ್ 1979

ನೆಟ್ಟಾ, ನೆಟ್ಟಾ,

ಕೈಯಲ್ಲಿ ಬೊಬ್ಬೆ ಎದ್ದಿದೆ, ಪೆನ್ನು ಹಿಡಿಯಲು ಆಗುತ್ತಿಲ್ಲ, ಆದರೂ ಬರೆಯುತ್ತೇನೆ.

ನಿನ್ನ ಚೀಟಿ ಓದಿ ಸ್ನಾನದ ಕೋಣೆಯಲ್ಲಿ ಸ್ವಲ್ಪ ಅತ್ತೆ. ಬರೆಯಲು ನಾಚಿಕೆಯಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಮನುಷ್ಯ ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂದುಕೊಂಡಿದ್ದೆ, ಅವರು ನಾನು ತಪ್ಪಿದ ಮೂರು ಜಾಗವನ್ನೂ ನೆನಪಿಟ್ಟುಕೊಂಡಿದ್ದರು! ಏನೂ ಗೊತ್ತಿಲ್ಲದವನ ಹಾಗೆ ಮುಖ ಮಾಡಿಕೊಂಡು ಮರುದಿನ ಹೊರಟೆ.

ಈ ಸಲ ಸಿಕ್ಕಿದ್ದು ಒಂದು ಎಳೆಯ ಗಂಡು, ಕೊಂಬು ಕಿವಿಯಷ್ಟೇ ಉದ್ದ. ಸೇಜ್ ಪೊದೆಗಳ ಮರೆಯಲ್ಲಿ ಸುಮಾರು ಹೊತ್ತು ತೆವಳಿದೆವು. ಮಾವ ತಮ್ಮ ಟೋಪಿಯನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಕೋವಿ ಇಡು ಅಂತ ಸನ್ನೆ ಮಾಡಿದರು. "ಹೊಡಿ" ಅನ್ನಲಿಲ್ಲ. ಕಾದರು. ನಾನು ಎದೆಯ ನಡುವೆ ಗುರಿ ಹಿಡಿದೆ. ಕಣ್ಣು ತೆರೆದಿತ್ತು ನೆಟ್ಟಾ, ಹುಲ್ಲೆ ಮಡಚಿಕೊಂಡು ಬಿದ್ದದ್ದನ್ನು ದುರ್ಬೀನಿನೊಳಗೇ ನೋಡಿದೆ. ಒಂದೇ ಗುಂಡು. ಒಂದು ಹೆಜ್ಜೆಯನ್ನೂ ಇಡಲಿಲ್ಲ ಅದು.

"ಎಷ್ಟು ದೂರ?" ಅಂದರು ಮಾವ.

"ನೂರ ಎಪ್ಪತ್ತು."

"ನೂರ ಅರವತ್ತೈದು" ಅಂದರು. ಖಾಲಿ ಕವಚವನ್ನು ಹುಲ್ಲಿನಲ್ಲಿ ಹುಡುಕಿ, ಒರೆಸಿ, ಜೇಬಿಗೆ ಹಾಕಿಕೊಂಡರು. ನಾನು ಆಕಾಶ ನೋಡುತ್ತಾ ನಿಂತೆ.

ನಿಂತದ್ದೇ ತಪ್ಪಾಯಿತು. "ಏನ್ ದೇವರ ಹಾಗೆ ನಿಂತ್ಕೊಂಡಿದೀಯಾ? ಬಿಸಿಲೇರ್ತಾ ಇದೆ, ಮಾಂಸ ಕೆಟ್ಟು ಹೋಗತ್ತೆ! ಕಾಲು ಹಿಡಿ! ಆ ಕಾಲಲ್ಲ ಕಣೋ ಮಂಕೇ, ಈ ಕಾಲು! ನಿಮ್ ಕಾಡಲ್ಲಿ ಚರ್ಮ ಸುಲಿಯೋದು ಯಾರೂ ಹೇಳಿಕೊಟ್ಟಿಲ್ವಾ?" ಅಂತ ಶುರು ಮಾಡಿದವರು ಮನೆ ತಲುಪುವವರೆಗೆ ಬೈದರು. ಜೀವನದಲ್ಲಿ ಅಷ್ಟು ಸಿಹಿಯಾದ ಬೈಗುಳ ನಾನು ತಿಂದಿಲ್ಲ.

ಮರುದಿನ ಬೆಳಿಗ್ಗೆ ಈರುಳ್ಳಿ ಹಾಕಿ ಹುಲ್ಲೆಯ ಈಲಿ ಹುರಿದರು. ಕಾಫಿ ಕೊಟ್ಟದ್ದು ತಗಡಿನ ಲೋಟದಲ್ಲಿ, ಹಿಡಿ ಮುರಿದದ್ದು. ಕುಡಿದು ಮುಗಿಸುವ ಮೊದಲೇ ಕೈಗೆ ತಂತಿ ಕತ್ತರಿ ಬಂತು. "ಪೂರ್ವದ ಬೇಲಿ ಬಿದ್ದಿದೆ. ಕತ್ಲೆ ಆಗೋದ್ರೊಳಗೆ ಎತ್ತು." ಎರಡು ದಿನದಿಂದ ಕಂಬ ನೆಡುತ್ತಿದ್ದೇನೆ. ಬೆನ್ನು ಮುರಿದಿದೆ. ಸೋಮವಾರ ಮಿಲ್ಲಿಗೆ ಹೋಗದಿದ್ದರೆ ಕೆಲಸ ಹೋಗುತ್ತದೆ ಅಂದರೆ, "ಭಾನುವಾರ ಇದ್ಯಲ್ಲ" ಅನ್ನುತ್ತಾರೆ.

ನೀನು ಬೇಗ ಇಳಿದು ಬಾ, ನನ್ನನ್ನು ಬಿಡಿಸು. ಅಥವಾ ನಿಧಾನವಾಗಿಯೇ ಬಾ.

ಅರ್ವೋ


ಮೆಡಿಸಿನ್ ಬೋ
11 ಮಾರ್ಚ್ 1980

ಪ್ರಿಯ ಭಾವ,

ಚಳಿಗಾಲದಲ್ಲಿ ಅಪ್ಪ ಹಾಸಿಗೆ ಹಿಡಿದದ್ದು ಅಕ್ಕನಿಗೆ ಬರೆದಿದ್ದೆ. ಈಗ ಎದ್ದು ಓಡಾಡುತ್ತಿದ್ದಾರೆ, ಬೈಗುಳವೂ ವಾಪಸು ಬಂದಿದೆ. ನೆಗಡಿ ಇಳಿಯಿತು ಅಂತ ನನಗೆ ತಿಳಿದದ್ದು ಅದರಿಂದಲೇ.

ಈ ವರ್ಷ ನಮ್ಮ ಬಯಲಿಗೆ ಪರವಾನಗಿ ಕಡಿಮೆ ಮಾಡಿದ್ದಾರೆ. ಇಷ್ಟು ವರ್ಷ ಅಪ್ಪ ಲಾಟರಿ ಅರ್ಜಿ ಹಾಕಿದ್ದು ಒಬ್ಬರೇ, ಯಾರನ್ನೂ ಜೊತೆಗೆ ಸೇರಿಸಿಕೊಂಡವರಲ್ಲ. ಅಮ್ಮನನ್ನೂ ಸೇರಿಸಿರಲಿಲ್ಲ. ನಿನ್ನೆ ಅರ್ಜಿ ತುಂಬಲು ಕೂತೆ. "ಅವನ ಹೆಸರೂ ಇದ್ರಲ್ಲೇ ಬರಿ" ಅಂದರು.

ನಾನು ಬಿಡಿಸಿ ಹೇಳಿದೆ. "ಅಪ್ಪಾ, ಒಂದೇ ಅರ್ಜಿ ಅಂದ್ರೆ ಬಂದ್ರೆ ಇಬ್ರಿಗೂ ಬರತ್ತೆ, ಇಲ್ದಿದ್ರೆ ಇಬ್ರಿಗೂ ಇಲ್ಲ. ಬೇರೆ ಬೇರೆ ಹಾಕಿದ್ರೆ ನಿಮ್ಗಾದ್ರೂ ಬರಬಹುದು. ನಿಮ್ಗೆ ಎಂಬತ್ತೆರಡಾಯ್ತು. ಇನ್ನೆಷ್ಟು ಸಲ ಹೋಗ್ತೀರಿ? ಒಂದ್ ವರ್ಷ ಯಾಕೆ ಕಳ್ಕೋತೀರಿ?"

ಕನ್ನಡಕ ತೆಗೆದು ಒರೆಸಿದರು. ಅವರು ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಂಡೆ, ಮಾಡಿಕೊಳ್ಳಲಿಲ್ಲ.

"ಹೊಡಿ ಅಂದ್ರೆ ಹೊಡಿಯೋರು ನಂಗೆ ಬೇಕಾದಷ್ಟ್ ಜನ ಸಿಕ್ಕಿದಾರೆ" ಅಂದರು. "ಹೊಡಿಯಲ್ಲ ಅಂದೋನು ಇವನೊಬ್ನೇ. ಅವನಿಲ್ದೆ ಒಬ್ನೇ ಹೋಗಿ ನಾನೇನ್ ಮಾಡ್ಲಿ?"

ಅರ್ಜಿ ಇದರ ಜೊತೆಗಿದೆ. ಅಪ್ಪ ಸಹಿ ಮಾಡಿದ್ದಾರೆ, ಅಕ್ಷರ ಗೆರೆಯಿಂದ ಸ್ವಲ್ಪ ಕೆಳಗಿಳಿದಿದೆ. ಅದರ ಪಕ್ಕದಲ್ಲಿ ನಿಮ್ಮದು ಮಾಡಿ, ತಡಮಾಡದೆ ಕಳಿಸಿ. ದಿನಕ್ಕೆರಡು ಸಲ ಅಂಚೆ ಡಬ್ಬಿಯವರೆಗೆ ನಡೆದು ಹೋಗಿ ನೋಡಿ ಬರುತ್ತಿದ್ದಾರೆ.

ನೆಟ್ಟಾ